ಬಾಣ ಬಿಟ್ಟ ಮೇಲಿನ ಅರ್ಧ ಗಂಟೆ

ಪ್ರೀತಿಯ ಓರಿನ್,

ನಿನ್ನ ಚೀಟಿ ನಿನ್ನೆ ಮಧ್ಯಾಹ್ನ ಕೈ ಸೇರಿತು. ಯಾರದ್ದೋ ಟ್ರಾಕ್ಟರಿನ ಸೀಟು ಹೊಲಿಯುತ್ತ ಕುಳಿತಿದ್ದೆ. ಎರಡೇ ಸಾಲು ಬರೆದಿದ್ದೀಯ. "ಅಕ್ಕಾ, ಸೆಪ್ಟೆಂಬರ್ ಬಂತು, ಈ ಸಲ ಏನೇನು ಸಾಮಾನು ತಗೊಳ್ಳೋಣ ಹೇಳು. ಒಂದೇ ಕಾಲಲ್ಲಿ ಸದ್ದಿಲ್ಲದೆ ಹತ್ತೋಕೆ ಏನಾದ್ರೂ ಉಪಾಯ ಮಾಡು, ಮರ ಆಗಲೇ ನೋಡಿಟ್ಟಿದೀನಿ." ನಾನು ಅದನ್ನೇ ಮತ್ತೆ ಮತ್ತೆ ಓದಿದೆ. ಹೊಲಿಗೆ ಯಂತ್ರ ತನ್ನಷ್ಟಕ್ಕೆ ಓಡುತ್ತಲೇ ಇತ್ತು, ಸೀಟಿನ ಮೇಲೆ ಹೊಲಿಗೆ ಎಲ್ಲಿಂದೆಲ್ಲಿಗೋ ಹೋಗಿತ್ತು. ಸಂಜೆ ಕುಳಿತು ಅದನ್ನೆಲ್ಲ ಬಿಚ್ಚಿದೆ.

ನಿನಗೆ ತಲೆ ಕೆಟ್ಟಿದೆಯೇ? ಕಳೆದ ನವೆಂಬರಿನಲ್ಲಿ ಮರದಿಂದ ಜಾರಿ ಐವತ್ತು ನಿಮಿಷ ಹಗ್ಗದಲ್ಲಿ ನೇತಾಡಿದವನು ನೀನು. ಎಡಗಾಲಿನ ನರ ಸತ್ತು, ಪಾದ ಎತ್ತಲಾಗದೆ, ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿಕೊಂಡು ನಡೆಯುತ್ತಿರುವವನು. ಹಾಲಿನ ಲಾರಿ ಓಡಿಸಲು ಮತ್ತೆ ಬಿಡುತ್ತಾರೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಅಂಥವನು ಮರ ನೋಡಿಟ್ಟಿದ್ದಾನಂತೆ, ಮರ! ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿದ್ದಾರೆಯೇ?

ಬೈದು ಒಂದು ಪುಟ ಬರೆದಿದ್ದೆ. ಹರಿದು ಹಾಕಿದೆ. ನಿನ್ನನ್ನು ಬೈಯುವ ಬಾಯಿ ನನಗೆ ಈಗಿಲ್ಲ. ಯಾಕೆಂದು ಹೇಳುವುದಕ್ಕೇ ಈ ಪತ್ರ. ಹತ್ತು ತಿಂಗಳಿಂದ ಹೇಳಬೇಕು ಎಂದು ಹೊರಟು, ಪ್ರತಿ ಸಲ ನಿನ್ನ ಮನೆ ಬಾಗಿಲಿಗೆ ಬಂದು, ಸಾರಿನ ಪಾತ್ರೆ ಕೊಟ್ಟು ವಾಪಸಾಗಿದ್ದೇನೆ. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ, ಇಲ್ಲದಿದ್ದರೆ ನನಗೆ ಧೈರ್ಯ ಬರುವುದಿಲ್ಲ.

ನಮ್ಮ ಮನೆಯಲ್ಲಿ ಆಗಸ್ಟಿನ ಕೊನೆಯ ಭಾನುವಾರ ಚರ್ಚಿನಿಂದ ಬಂದವರೇ ಅಡುಗೆಮನೆಯ ಮೇಜಿನ ಮೇಲೆ ಬೇಟೆಯ ಸಾಮಾನೆಲ್ಲ ಹರಡುತ್ತಿದ್ದೆವಲ್ಲ. ಅಪ್ಪನ ಒಂದು ಕಿವಿಯನ್ನು ಮರ ಕೊಯ್ಯುವ ಕಾರ್ಖಾನೆ ತಿಂದುಹಾಕಿತ್ತು. ಹಾಗಾಗಿ ಯಾವ ಸಾಮಾನು ಕಾಡಿನಲ್ಲಿ ಸದ್ದು ಮಾಡೀತು ಎಂಬ ಪರೀಕ್ಷೆಗೆ ಅಮ್ಮನ ಕಿವಿ. ಅಮ್ಮ ಜನ್ಮದಲ್ಲಿ ಬಿಲ್ಲು ಹಿಡಿದವಳಲ್ಲ. ನಮಗೆ ಬೆನ್ನು ಹಾಕಿ ಆಲೂಗಡ್ಡೆಯ ರೊಟ್ಟಿ ಲಟ್ಟಿಸುತ್ತ ನಿಲ್ಲುವಳು. ಅಪ್ಪ ಒಂದೊಂದೇ ಸಾಮಾನು ಎತ್ತಿ ಇನ್ನೊಂದಕ್ಕೆ ತಾಗಿಸುವನು. "ಅದೇನೋ ಟಿಣ್ ಅಂತು, ತೆಗೀರಿ ಆಚೆಗೆ" ಎಂದು ಅಮ್ಮ ಅಂದರೆ ಮುಗಿಯಿತು, ಅದು ಹಳೆಯ ಹಾಲಿನ ಬಕೆಟ್ಟಿಗೆ ಬೀಳುವುದು. ಒಂದು ವರ್ಷ ಅಪ್ಪನ ಹೊಚ್ಚ ಹೊಸ ಬೆಲ್ಟೇ ಬಕೆಟ್ಟು ಸೇರಿ, ಆತ ಋತುವಿಡೀ ಪ್ಯಾಂಟನ್ನು ದಾರದಲ್ಲಿ ಕಟ್ಟಿಕೊಂಡು ಬೇಟೆಯಾಡಿದ್ದು ನೆನಪಿದೆಯೇ? ಅಮ್ಮ ವರ್ಷವೆಲ್ಲ ನಕ್ಕಿದ್ದಳು.

ಅಲ್ಲಿಂದ ಬಂದ ಚಟ ನನಗೆ ಕಸುಬಾಯಿತು. ಸೀಟು ಹೊಲಿಯುವವಳು ಮರದಲ್ಲಿ ಕೂರುವ ಜೋಲಿ ಹೊಲಿಯತೊಡಗಿದೆ. ಎತ್ತರದಲ್ಲಿ ಕುರ್ಚಿ ಕಟ್ಟಿ ಕೂರುವ ಕಾಲ ಹೋಗಿ, ಸೊಂಟಕ್ಕೆ ಜೋಲಿ ಬಿಗಿದು, ಹಗ್ಗದ ಆಧಾರದಲ್ಲಿ ಕಾಂಡಕ್ಕೆ ಕಾಲು ಒತ್ತಿ ಕೂರುವ ಕಾಲ ಬಂದಾಗ ಈ ಕಣಿವೆಯ ಬೇಟೆಗಾರರೆಲ್ಲ ನನ್ನ ಅಂಗಡಿಗೇ ಬಂದರು. ಬರಿಯ ಹೊಲಿಗೆಯನ್ನು ನಂಬಿ ನಾನು ಯಾರಿಗೂ ಜೋಲಿ ಕೊಟ್ಟವಳಲ್ಲ. ಹಿತ್ತಲಿನ ಓಕ್ ಮರದಲ್ಲಿ, ನಿನ್ನಷ್ಟೇ ತೂಕದ ಮರಳಿನ ಮೂಟೆಯನ್ನು ಜೋಲಿಗೆ ಕಟ್ಟಿ ಬೀಳಿಸಿ ನೋಡಿ, ಆಮೇಲೆಯೇ ಕೈಗೆ ಕೊಡುತ್ತಿದ್ದೆ. ಅದು ನಿನಗೂ ಗೊತ್ತು, ಮೂಟೆ ತುಂಬಿಕೊಟ್ಟವನು ನೀನೇ.

ಹೋದ ವರ್ಷ ಅಪ್ಪ ಅಮ್ಮ ಇಬ್ಬರೂ ಇಲ್ಲದ ಮೇಜಿನ ಮುಂದೆ ನಾವಿಬ್ಬರೇ ಕುಳಿತೆವು. ನೀನು ಪೇಟೆಯಿಂದ ಹೊಸ ಏಣಿಕೋಲುಗಳನ್ನು ತಂದಿದ್ದೆ. ಕಾಂಡಕ್ಕೆ ಒಂದರ ಮೇಲೊಂದು ಕಟ್ಟುತ್ತ ಹತ್ತುವ, ಅಲ್ಯೂಮಿನಿಯಂನ ಮೊಳದುದ್ದದ ನಾಲ್ಕು ಕೋಲುಗಳು. ಮೆಟ್ಟಿಲಿನ ಮೇಲೆ ಗರಗಸದಂಥ ಹಲ್ಲು. ಬೂಟು ಜಾರದಿರಲಿ ಎಂದು ಮಾಡಿದವನು ಇಟ್ಟಿದ್ದ ಹಲ್ಲು. ನಾನು ಕಣ್ಣು ಮುಚ್ಚಿಕೊಂಡು ನಿನ್ನ ಬೂಟನ್ನು ಅದರ ಮೇಲೆ ಉಜ್ಜಿದೆ. "ಥೂ, ಇದೇನೋ ಇದು, ಹಲ್ಲು ಕಡಿಯೋ ಮಗು ಥರ ಕರಕರ ಅಂತದೆ" ಎಂದೆ. ನೀನು, "ಹೋಗ್ಲಿ ಬಿಡಕ್ಕ, ಜಾರಲ್ಲವಲ್ಲ" ಅಂದೆ. ನಾನು ಬಿಡಲಿಲ್ಲ. ಕಾರಿನ ನೆಲಕ್ಕೆ ಹಾಸುವ ದಪ್ಪ ಬಟ್ಟೆಯನ್ನು ಕತ್ತರಿಸಿ ಎಂಟೂ ಮೆಟ್ಟಿಲಿಗೆ ಅಂಟಿಸಿದೆ. ಬೂಟು ಬೆಕ್ಕಿನ ಪಾದವಾಯಿತು. ಹಗ್ಗವನ್ನು ಹಿಡಿದು ಮೇಲೆ ಕೆಳಗೆ ಸರಿಸುವ ಲೋಹದ ಹಿಡಿಕೆ ತಂದಿದ್ದೆಯಲ್ಲ, ಅದನ್ನೂ ಬಕೆಟ್ಟಿಗೆ ಹಾಕಿದೆ. ಅದರ ಬದಲಿಗೆ ಸಣ್ಣ ಹಗ್ಗವನ್ನು ದೊಡ್ಡ ಹಗ್ಗಕ್ಕೆ ಸುತ್ತಿ ಹಾಕುವ ಜಾರುಗಂಟು ಕಲಿಸಿದೆ. "ಗಂಟು ಬಿಗಿದ್ರೆ ಒಂದು ಕೈಯಲ್ಲಿ ಬಿಡಿಸಕ್ಕಾಗಲ್ಲವಲ್ಲ ಅಕ್ಕ?" ಎಂದು ಕೇಳಿದೆ ನೀನು. "ಗಂಟು ಮಾತಾಡಲ್ಲ, ಅಷ್ಟು ಸಾಕು. ನೀನು ಬೀಳದೇ ಇದ್ರೆ ಅದ್ಯಾಕೆ ಬಿಗಿಯತ್ತೆ?" ಎಂದವಳು ನಾನು. ಎಲ್ಲಕ್ಕಿಂತ ಮೇಲಿನ ಕೋಲಿನ ಕೆಳಗೆ ಹಗ್ಗದ ಕುಣಿಕೆಯ ಮೆಟ್ಟಿಲು ಜೋಡಿಸಿದವಳೂ ನಾನೇ. ಲೋಹದ ಇನ್ನೊಂದು ಕೋಲು ಹೊರುವುದೇಕೆ, ಹಗ್ಗವಾದರೆ ಸದ್ದೇ ಇಲ್ಲ ಎಂದೆ. ಆ ಭಾನುವಾರ ಎಷ್ಟು ಬೀಗಿದ್ದೆ ಗೊತ್ತೇ? ಅಮ್ಮ ಇದ್ದಿದ್ದರೂ ಬೆನ್ನು ತಿರುಗಿಸಿ ಒಂದು ಮಾತು ಆಡಲಾಗುತ್ತಿರಲಿಲ್ಲ ಎಂದುಕೊಂಡೆ.

ಅಪ್ಪನ ನಿಯಮ ಎರಡೇ. ಗಾಡಿಯಿಂದ ಇಳಿದ ಮೇಲೆ ಬಾಯಿ ತೆರೆಯಬಾರದು. ಬಾಣ ಬಿಟ್ಟ ಮೇಲೆ ಅರ್ಧ ಗಂಟೆ ಮರದಲ್ಲಿ ಕದಲಬಾರದು. ಏಟು ತಿಂದ ಜಿಂಕೆ ಹಿಂದೆ ಯಾರೂ ಇಲ್ಲ ಎಂದುಕೊಂಡರೆ ಹತ್ತಿರದಲ್ಲೇ ಮಲಗಿ ಪ್ರಾಣ ಬಿಡುತ್ತದೆ, ಸದ್ದು ಕೇಳಿದರೆ ಎದ್ದು ಮೈಲುಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ನಿನಗೆ ಹನ್ನೆರಡು ವರ್ಷವಿದ್ದಾಗ ಆ ಅರ್ಧ ಗಂಟೆಯೊಳಗೆ ಕೆಮ್ಮಿಬಿಟ್ಟೆ. ಅಪ್ಪನ ಜಿಂಕೆ ಎದ್ದು ಓಡಿತು. ಎರಡು ದಿನ ಹುಡುಕಿದೆವು, ಸಿಗಲಿಲ್ಲ. ಒಂದು ವಾರ ಅಪ್ಪ ನಿನ್ನೊಡನೆ ಮಾತಾಡಲಿಲ್ಲ. ಊಟದ ಮೇಜಿನಲ್ಲಿ ನೀನು ಉಪ್ಪು ಕೇಳಿದರೂ ಕೊಡದೆ ಗೋಡೆ ನೋಡುತ್ತ ಕೂರುತ್ತಿದ್ದ. ನೀನು ಆಗಲೇ ಉಗುಳು ನುಂಗುವುದಕ್ಕೂ ಹೆದರುವ ಹುಡುಗನಾದೆ. ನಾನು ದೊಡ್ಡವಳು, ಅಪ್ಪನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಇನ್ನು ಆ ಬೆಳಗ್ಗೆ. ನವೆಂಬರಿನ ಮೊದಲ ಶನಿವಾರ. ಹಿಂದಿನ ಸಂಜೆ ಹನಿದ ಮಳೆ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿತ್ತು. ನಾನು ದಿಬ್ಬದ ಕೆಳಗಿನ ಓಕ್ ಮರದಲ್ಲಿ, ನೀನು ನನ್ನ ಬೆನ್ನ ಹಿಂದೆ, ಎಂಬತ್ತು ಹೆಜ್ಜೆ ಮೇಲೆ. ಹತ್ತುವಾಗ ನಿನ್ನ ಕಡೆಯಿಂದ ಒಂದು ಸದ್ದಿಲ್ಲ. ನನ್ನ ಕೆಲಸಕ್ಕೆ ನಾನೇ ಮೆಚ್ಚಿಕೊಂಡು ಕುಳಿತೆ. ಎಂಟೂ ಕಾಲರ ಹೊತ್ತಿಗೆ ಕೊಂಬೆಯೊಂದು ಅಡ್ಡ ಬರುತ್ತಿದೆ ಎಂದು ನೀನು ಕಾಂಡಕ್ಕೆ ಕಟ್ಟಿ ನಿಂತಿದ್ದ ಪುಟ್ಟ ಹಲಗೆಯಿಂದ ಕೋಲಿನ ಮೇಲಕ್ಕೆ ಕಾಲಿಟ್ಟೆಯಂತೆ. ಹಿಂದಿನ ದಿನವೇ ಮರಕ್ಕೆ ಕಟ್ಟಿ ಬಂದಿದ್ದ ಕೋಲಿಗೆ ನಾನು ಅಂಟಿಸಿದ ಬಟ್ಟೆ ಮಳೆಯನ್ನೆಲ್ಲ ಕುಡಿದು ಕಲ್ಲಾಗಿತ್ತು. ಹಲ್ಲಿದ್ದಿದ್ದರೆ ಬೂಟು ಕಚ್ಚಿಕೊಳ್ಳುತ್ತಿತ್ತು. ಹಲ್ಲು ನನ್ನ ಬಟ್ಟೆಯ ಅಡಿಯಲ್ಲಿತ್ತು. ನೀನು ಕಾಂಡಕ್ಕೆ ಉಜ್ಜಿಕೊಂಡು ಜಾರಿದೆ, ಬಲ ತೋಳು ಕೀಲು ತಪ್ಪಿತು, ಎಡಗಾಲು ಹಗ್ಗದ ಕುಣಿಕೆಗೆ ತೂರಿ ತಿರುಚಿಕೊಂಡಿತು, ಮೇಲಿನ ಗಂಟು ಕಚ್ಚಿ ಕುಳಿತಿತು. ಇದೆಲ್ಲ ನೀನೇ ಆಸ್ಪತ್ರೆಯಲ್ಲಿ ನಗುನಗುತ್ತ ಹೇಳಿದ್ದು.

ನಿನಗೆ ತಿಳಿಯದ್ದು ಈಗ ಬರುತ್ತದೆ.

ಓರಿನ್, ನನಗೆ ಕೇಳಿಸಿತು.

ತೊಗಟೆಯ ಮೇಲೆ ಬಟ್ಟೆ ಉಜ್ಜಿದ ಸದ್ದು. ಆಮೇಲೆ ಹಗ್ಗ ಒಮ್ಮೆಗೇ ಬಿಗಿದ ಸದ್ದು. ಆಮೇಲೆ ನಿನ್ನ ಬಾಯಿಂದ ಅರ್ಧ ಹೊರಟು ನಿಂತ ಉಸಿರು. ಗಾಳಿ ಇರಬಹುದು, ಅಳಿಲು ಇರಬಹುದು ಎಂದು ಬೇರೆಯವರು ಅಂದುಕೊಳ್ಳಬಹುದಿತ್ತು. ನಾನು ಅಂದುಕೊಳ್ಳುವಂತಿರಲಿಲ್ಲ. ನೂರಾರು ಸಲ ಮರಳಿನ ಮೂಟೆ ಬೀಳಿಸಿದವಳು ನಾನು. ಮನುಷ್ಯನ ಭಾರಕ್ಕೆ ಹಗ್ಗ ಬಿಗಿದರೆ ಹೇಗೆ ಕೇಳಿಸುತ್ತದೆ ಎಂದು ಈ ಕಣಿವೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ನನಗೆ ತಿಳಿಯಿತು. ತಿಳಿದೂ ನಾನು ತಿರುಗಲಿಲ್ಲ.

ಯಾಕೆಂದರೆ ಅದೇ ಗಳಿಗೆಯಲ್ಲಿ ಪೊದೆಯಾಚೆ ಅದರ ಕೊಂಬು ಕಾಣಿಸಿತ್ತು. ಹತ್ತು ಕವಲಿನ ಗಂಡು ಜಿಂಕೆ, ಮೂರು ವರ್ಷದಿಂದ ನಾವಿಬ್ಬರೂ ಹೆಜ್ಜೆ ಗುರುತು ಮಾತ್ರ ನೋಡಿದ್ದು. ಕತ್ತು ತಿರುಗಿಸಿದರೆ ನೋಡಿಬಿಡುತ್ತಿತ್ತು. ನನ್ನ ಮನಸ್ಸಿನಲ್ಲಿ ಬಂದ ಮೊದಲ ಮಾತು ಏನು ಗೊತ್ತೇ? 'ಅಯ್ಯೋ ತಮ್ಮಾ' ಎಂದಲ್ಲ. 'ದರಿದ್ರದವನು, ಈಗಲೇ ಸದ್ದು ಮಾಡಬೇಕಿತ್ತೇ' ಎಂದು. ಎರಡನೆಯ ಮಾತು, 'ಏನಾದರೂ ಆಗಿದ್ದರೆ ಕೂಗುತ್ತಾನಲ್ಲ' ಎಂದು. ನೀನು ಕೂಗಲಿಲ್ಲ. ಕೂಗಲಿಲ್ಲವಾದ್ದರಿಂದ ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ನಿಮಿಷ ಆ ಜಿಂಕೆ ಹತ್ತಿರ ಬರುವುದನ್ನು ಕಾದೆ. ಇಪ್ಪತ್ತು ಹೆಜ್ಜೆಗೆ ಬಂದಾಗ ಬಾಣ ಬಿಟ್ಟೆ. ಸರಿಯಾಗಿ ನಾಟಿತು. ಅದು ನೆಗೆದು ಕಣಿವೆಗೆ ಇಳಿಯಿತು.

ಆಮೇಲೆ ನಾನು ಅರ್ಧ ಗಂಟೆ ಕುಳಿತೆ.

ಸುಮ್ಮನೆ ಕುಳಿತೆ ಕಣೋ. ಸಂತೋಷವೇ ಆಗಿತ್ತು ನನಗೆ. ಜೇಬಿನಲ್ಲಿದ್ದ ಚಾಕಲೇಟನ್ನು ಸದ್ದಾಗದ ಹಾಗೆ ಬಿಚ್ಚಿ ತಿಂದೆ. ಅದಕ್ಕೂ ಸದ್ದು ಮಾಡದ ಕಾಗದ ಸುತ್ತಿ ತಂದಿದ್ದೆನಲ್ಲ, ಅಷ್ಟು ಜಾಣೆ ನಾನು. ಕೊಂಬನ್ನು ಗೋಡೆಯ ಮೇಲೆ ಎಲ್ಲಿ ಹಾಕುವುದು ಎಂದು ಯೋಚಿಸಿದೆ. ನಡುವೆ ಒಂದು ಸಲ ಬೆನ್ನ ಹಿಂದೆ ಏನೋ ಗೀರಿದ ಹಾಗಾಯಿತು. ತಿರುಗಬೇಕು ಎನ್ನಿಸಿತು. ಗಡಿಯಾರ ನೋಡಿದೆ, ಇನ್ನೂ ಹದಿನೇಳು ನಿಮಿಷ ಇತ್ತು. ನಿಯಮ ನಿಯಮವೇ ಎಂದುಕೊಂಡೆ. ಜಿಂಕೆ ಕಣಿವೆಗೆ ಇಳಿದಾಗಿತ್ತು, ತಿರುಗಿದ್ದರೆ ಇನ್ನು ಹೋಗುವುದೇನಿತ್ತು? ಆದರೂ ತಿರುಗಲಿಲ್ಲ. ಇದಕ್ಕೆ ನನ್ನ ಹತ್ತಿರ ಕಾರಣವೇ ಇಲ್ಲ, ಹತ್ತು ತಿಂಗಳಿಂದ ಹುಡುಕುತ್ತಿದ್ದೇನೆ. ಬಹುಶಃ ತಿರುಗಿದರೆ ಏನು ಕಾಣುತ್ತದೆಂದು ಗೊತ್ತಿದ್ದುದಕ್ಕೇ ತಿರುಗಲಿಲ್ಲ.

ಇಳಿದೆ. ಇಳಿದು ನಿನ್ನ ಮರಕ್ಕಲ್ಲ, ಬಾಣ ಬಿದ್ದ ಕಡೆಗೆ ಹೋದೆ. ಹುಲ್ಲಿನಲ್ಲಿ ರಕ್ತ ನೋಡಿದೆ. ಆಗ ನಿನಗೆ ತೋರಿಸೋಣ ಎಂದು ಎರಡೂ ಕೈ ಮೇಲೆತ್ತಿ ತಿರುಗಿದೆ.

ಆ ನೋಟ ಈಗಲೂ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ನೀನು ಕಾಂಡಕ್ಕೆ ಅಡ್ಡಲಾಗಿ, ತಲೆ ಕೆಳಗೆ ವಾಲಿ ತೂಗುತ್ತಿದ್ದೆ. ಮುಖ ನೇರಳೆ ಬಣ್ಣವಾಗಿತ್ತು. ಕಾಲು ಕುಣಿಕೆಯಲ್ಲಿ ಇರಬಾರದ ಕಡೆಗೆ ತಿರುಗಿತ್ತು. ಕೂಗಲು ಬಾಯಿ ತೆರೆದೆ. ಆಗ ನೀನು ಚೆನ್ನಾಗಿದ್ದ ಎಡಗೈಯನ್ನು ನಿಧಾನವಾಗಿ ಎತ್ತಿ, ತುಟಿಯ ಮೇಲೆ ಬೆರಳಿಟ್ಟೆ. ನನಗೆ ಸುಮ್ಮನಿರು ಎಂದೆ! ನಾನು ಬಿದ್ದೆದ್ದು ಓಡಿ ಬಂದು ಮರ ಹತ್ತಿ, ಕಾಲನ್ನು ಕುಣಿಕೆಯಿಂದ ಬಿಡಿಸಿ, ನಿನ್ನ ತಲೆ ಹೆಗಲಿಗೆ ಒರಗಿಸಿಕೊಂಡರೆ, ನೀನು ಆಡಿದ ಮೊದಲ ಮಾತು, "ಬಿತ್ತಾ ಅಕ್ಕಾ?"

ಫೋನು ಮಾಡಿದೆ. ಅಗ್ನಿಶಾಮಕ ದಳದ ಹುಡುಗರು ಏಣಿ ಹೊತ್ತು ಬರುವತನಕ ಮೂವತ್ತೈದು ನಿಮಿಷ ನಿನ್ನನ್ನು ಹೆಗಲಲ್ಲಿ ಹೊತ್ತು ಅದೇ ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ ನಿಂತಿದ್ದೆ. ಮೇಲಿನ ಗಂಟನ್ನು ಬಿಡಿಸಲು ನನಗೂ ಆಗಲಿಲ್ಲ, ಎರಡು ಕೈಯಿದ್ದೂ. ನೀನು ಪ್ರಜ್ಞೆ ತಪ್ಪುತ್ತ, ಮತ್ತೆ ಬರುತ್ತ ಇದ್ದೆ. ಎಚ್ಚರವಾದಾಗಲೆಲ್ಲ ಕಿವಿಯ ಹತ್ತಿರ ಪಿಸುಗುಟ್ಟುತ್ತಿದ್ದೆ. "ನೀನು ಬಾಣ ಬಿಟ್ಟಿದ್ದು ನೋಡ್ದೆ. ಅರ್ಧ ಗಂಟೆ ಎಷ್ಟೊತ್ತಿಗೆ ಆಗತ್ತೆ ಅಂತ ಎಣಿಸ್ತಾ ಇದ್ದೆ. ಸಾವಿರದ ಎಂಟುನೂರು ಸೆಕೆಂಡು ಅಲ್ವಾ? ಸಾವಿರದ ನೂರಕ್ಕೆ ತಪ್ಪಿಹೋಯ್ತು." ಡಾಕ್ಟರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಹತ್ತು ನಿಮಿಷದಲ್ಲಿ ಬಿಡಿಸಿದ್ದರೆ ಈ ಕಾಲಿಗೆ ಏನೂ ಆಗುತ್ತಿರಲಿಲ್ಲ ಎಂದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಾಲಿನ ಮಾತೇ ಇರುತ್ತಿರಲಿಲ್ಲ ಎಂದೂ ಹೇಳಿದರು. ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಮಾತ್ರ ಮೊದಲನೆಯ ವಾಕ್ಯವೇ ಕಿವಿಯಲ್ಲಿ ಉಳಿಯಿತು.

ನೀನು ಆಸ್ಪತ್ರೆಯ ಮಂಚದ ಮೇಲೆ ಬಂದವರಿಗೆಲ್ಲ ಹೇಳಿದೆ, "ನಾನು ತುಟಿ ಪಿಟ್ಟೆನ್ನಲಿಲ್ಲ, ಅಕ್ಕನಿಗೆ ಒಂಚೂರೂ ಕೇಳಿಸಲಿಲ್ಲ, ಪಾಪ ಅವಳಿಗೇನು ಗೊತ್ತು" ಎಂದು. ಆ 'ಪಾಪ' ನನಗೆ ಹೇಗೆ ನಾಟಿತೋ ನಿನಗೆ ತಿಳಿಯದು. ನೀನು ಹೆಮ್ಮೆಯಿಂದ ಹೇಳುತ್ತಿದ್ದೆ. ಸುತ್ತ ನಿಂತವರು ತಲೆದೂಗುತ್ತಿದ್ದರು. ನಾನು ಕಿತ್ತಳೆ ಹಣ್ಣು ಸುಲಿಯುತ್ತ, ತಲೆ ತಗ್ಗಿಸಿ, ಹೌದೆನ್ನದೆ ಇಲ್ಲವೆನ್ನದೆ ಕುಳಿತಿದ್ದೆ. ಕ್ರಿಸ್‌ಮಸ್ಸಿಗೆ ಏಣಿ ಹೊತ್ತು ಬಂದ ಹುಡುಗರೇ ಕಣಿವೆಯಿಂದ ತಂದಿದ್ದ ಆ ಜಿಂಕೆಯ ತಲೆಗೆ ಹಲಗೆ ಕಟ್ಟಿಸಿ ನನಗೇ ಉಡುಗೊರೆ ಕೊಟ್ಟೆಯಲ್ಲ, ಅವತ್ತು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಊಟ ಜಾಸ್ತಿಯಾಯಿತು ಎಂದೆ. ನೀನು ನಂಬಿದೆ.

ಇನ್ನೊಂದು ಹೇಳಬೇಕು. ನಿನ್ನ ಕಥೆ ಊರೆಲ್ಲ ಹಬ್ಬಿ ನನ್ನ ಅಂಗಡಿಯ ಹೆಸರು ಬೆಳೆದಿದೆ. ಸಾರಾಯಿ ಅಂಗಡಿಯ ಗೇಲನ್ ಹೋದ ವಾರ ಬಂದು, "ಮಾರ್ಲಿಸಕ್ಕ, ಓರಿನ್‌ಗೆ ಮಾಡಿಕೊಟ್ರಲ್ಲ, ನನಗೂ ಅಂಥದೇ ಬೇಕು. ಮನುಷ್ಯ ನೇತಾಡ್ತಾ ಇದ್ರೂ ಪಕ್ಕದ ಮರಕ್ಕೆ ಕೇಳಿಸ್ಲಿಲ್ವಂತೆ!" ಎಂದು ಹೊಟ್ಟೆ ಹಿಡಿದು ನಕ್ಕ. ಒಳ್ಳೆಯವನು, ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಇವರೆಲ್ಲ ನನ್ನ ಸುಳ್ಳನ್ನು ಸೊಂಟಕ್ಕೆ ಕಟ್ಟಿಕೊಂಡು ಮರ ಹತ್ತಲು ಹೊರಟಿದ್ದಾರೆ. ಗೇಲನ್‌ಗೆ ಇಲ್ಲ ಎಂದೆ. ಕೈ ನೋವು, ಈ ವರ್ಷ ಹೊಲಿಯುವುದಿಲ್ಲ ಎಂದೆ. ಅದೂ ಒಂದು ಸುಳ್ಳೇ. ಒಂದು ಮುಚ್ಚಲು ಹೋಗಿ ಎಷ್ಟಾಯಿತು ನೋಡು.

ನೀನು ಸಾಮಾನು ಕೇಳಿದ್ದೀಯ. ಉತ್ತರ ಕೊಡುತ್ತೇನೆ. ಹತ್ತಬೇಡ ಎನ್ನುವ ಹಕ್ಕು ನನಗಿಲ್ಲ. ಡಾಕ್ಟರು ಒಪ್ಪಿ, ಪಾದಕ್ಕೆ ಬಲ ಬಂದು, ನೀನು ಹತ್ತುವುದೇ ಆದರೆ, ಹಲ್ಲಿರುವ ಮೆಟ್ಟಿಲಿನ ಕೋಲು ತೆಗೆದುಕೋ. ಅದರ ಮೇಲೆ ಏನನ್ನೂ ಅಂಟಿಸಬೇಡ, ಕರಕರ ಅನ್ನಲಿ. ಬಿಗಿದರೂ ಒಂದೇ ಕೈಯಲ್ಲಿ ಸಡಿಲಿಸಬಹುದಾದ ಲೋಹದ ಹಿಡಿಕೆ ತೆಗೆದುಕೋ, ಟಿಣ್ ಅನ್ನಲಿ. ಹಗ್ಗದ ಕುಣಿಕೆ ಬೇಡವೇ ಬೇಡ. ಫೋನು ಚೀಲದಲ್ಲಲ್ಲ, ಎದೆಯ ಜೇಬಿನಲ್ಲಿರಲಿ. ಇಷ್ಟು ಸದ್ದಿಗೆ ಆ ದಿಬ್ಬದಲ್ಲಿ ಒಂದು ಜಿಂಕೆಯೂ ಬರುವುದಿಲ್ಲ. ಬರದಿರಲಿ.

ಜೊತೆಗೆ ಯಾರು ಎಂಬುದನ್ನು ನೀನೇ ತೀರ್ಮಾನ ಮಾಡು. ಇಷ್ಟು ದಿನ ನಿನಗೆ ಗೊತ್ತಿದ್ದ ಅಕ್ಕ, ಏನೂ ಕೇಳಿಸಿಕೊಳ್ಳದ ಪಾಪದವಳು. ನಿಜವಾದ ಅಕ್ಕ ಕೇಳಿಸಿಕೊಂಡು ಚಾಕಲೇಟು ತಿಂದವಳು. ಇವಳ ಬೆನ್ನ ಹಿಂದಿನ ಮರದಲ್ಲಿ ಕೂರಲು ನಿನಗೆ ಮನಸ್ಸು ಬರದಿದ್ದರೆ ಅದು ನ್ಯಾಯವೇ. ಕ್ಷಮಿಸು ಎಂದು ಕೇಳಲು ಕುಳಿತರೆ ನೀನು ಒಂದೇ ಉಸಿರಿಗೆ ಕ್ಷಮಿಸಿಬಿಡುತ್ತೀಯ ಎಂದು ನನಗೆ ಗೊತ್ತು, ಅದಕ್ಕೇ ಕೇಳುತ್ತಿಲ್ಲ. ನಿನಗೆ ಸಿಟ್ಟು ಬರಬೇಕು. ಐವತ್ತೊಂದು ವರ್ಷದಲ್ಲಿ ನೀನು ನನ್ನ ಮೇಲೆ ಒಂದು ಸಲವೂ ದನಿ ಎತ್ತಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ಫೋನು ಮಾಡು. ಬೈಯಿ. ಅಮ್ಮ ಕೇಳಿದ್ದರೆ ಬಾಯಿಗೆ ಸೋಪು ಹಾಕುತ್ತಿದ್ದಂಥ ಮಾತುಗಳಲ್ಲಿ ಬೈಯಿ. ಬಂದು ಆ ಜಿಂಕೆಯ ತಲೆಯನ್ನು ಕಿತ್ತು ಬೀದಿಗೆ ಎಸೆ. ಏನು ಮಾಡಿದರೂ ತಡೆದುಕೊಳ್ಳುತ್ತೇನೆ. ನನಗೆ ನೋವಾದೀತು ಎಂದು ಈ ಸಲವೂ ನೀನು ಬಾಯಿ ಮುಚ್ಚಿಕೊಂಡು ಉಳಿದರೆ ಮಾತ್ರ ತಡೆದುಕೊಳ್ಳಲಾರೆ.

ಮರದ ಮೇಲಿರು, ನೆಲದ ಮೇಲಿರು, ನೀನು ಕೂಗುವಂತಾಗಲಿ. ಕೂಗಿದಾಗ ತಿರುಗಿ ನೋಡುವವರು ಹತ್ತಿರದಲ್ಲಿರಲಿ.

ನಿನ್ನ ಅಕ್ಕ,
ಮಾರ್ಲಿಸ್